ಮರಳಿ ಬಂದ ಬೆಳಕಿನ ಸಾಕ್ಷ್ಯ

ಸಂಜೆಯ ಹೊತ್ತು ಹುಬ್ಬಳ್ಳಿಯಿಂದ ಧಾರವಾಡದತ್ತ ಹೊರಟವರು ಉಣಕಲ್ ಕೆರೆಯ ಬಳಿ ಬಂದಾಗ ಕಣ್ಣು ಕಿರಿದು ಮಾಡಿಕೊಳ್ಳುವುದು ವಾಡಿಕೆ. ಇಳಿಬಿಸಿಲು ನೀರಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ನಮ್ಮ ಕಣ್ಣಿಗೆ ರಾಚುತ್ತದೆ. ಆ ಹೊಳಪನ್ನು ಕಂಡು ಕೆರೆಯ ಆಳವೆಷ್ಟು, ನೀರು ತಿಳಿಯೋ ಕದಡೋ ಎಂದು ಹೇಳಲು ಸಾಧ್ಯವೇ? ಸಾಧ್ಯವಿಲ್ಲ. ಇನ್ನೊಂದು ನೋಟವನ್ನೂ ನೆನಪಿಗೆ ತಂದುಕೊಳ್ಳಿರಿ. ನವಲಗುಂದದ ಕಡೆಯ ಎರೆಹೊಲದಲ್ಲಿ ಹತ್ತಿ ಒಡೆದು ನಿಂತಿರುತ್ತದೆ. ನೆಲಕ್ಕೂ ಹತ್ತಿಗೂ ಬೀಳುವ ಬಿಸಿಲು ಒಂದೇ. ಆದರೆ ಕರಿಮಣ್ಣು ಅದರ ಬಹುಪಾಲನ್ನು ನುಂಗಿಕೊಳ್ಳುತ್ತದೆ, ಹತ್ತಿಯಾದರೋ ಬಹುಪಾಲನ್ನು ಹಿಂದಿರುಗಿಸುತ್ತದೆ. ದೂರದಿಂದ ನೋಡುವವನಿಗೆ ಹಿಡಿಯಷ್ಟು ಹತ್ತಿಯು ಗಾಡಿಯಷ್ಟು ಕರಿಮಣ್ಣಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಹೊಳೆಯುವುದೆಲ್ಲ ದೊಡ್ಡದಲ್ಲ, ಮಂಕಾಗಿರುವುದೆಲ್ಲ ಚಿಕ್ಕದೂ ಅಲ್ಲ. ಇದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಆಕಾಶದ ವಿಷಯದಲ್ಲಿ ಈ ಸರಳ ಸತ್ಯವು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ವಿದ್ವಾಂಸರನ್ನು ಕಾಡಿತು. ಗ್ರಹಗಳಿಗೂ ಕ್ಷುದ್ರಗ್ರಹಗಳಿಗೂ ಸ್ವಂತ ಬೆಳಕಿಲ್ಲ. ಸೂರ್ಯನಿಂದ ಪಡೆದುದರಲ್ಲಿ ಒಂದು ಪಾಲನ್ನು ಅವು ಹಿಂದಿರುಗಿಸುತ್ತವೆ, ಅಷ್ಟೇ. ಕೈಗೆಟುಕದ ಆ ಲೋಕಗಳ ಬಗ್ಗೆ ಬಹುಕಾಲ ನಮಗಿದ್ದ ಸಾಕ್ಷಿ ಈ ಮರಳಿ ಬಂದ ಬೆಳಕೊಂದೇ. ಆ ಸಾಕ್ಷಿಯನ್ನು ವಿಚಾರಿಸುವ ಬಗೆಯನ್ನು ಮನುಷ್ಯ ಹೇಗೆ ಕಲಿತ, ಆ ಕಲಿಕೆಯಲ್ಲಿ ನಮ್ಮ ಕರ್ನಾಟಕದ ಪಾಲೇನು ಎಂಬುದನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡಬಯಸುತ್ತೇನೆ.

ಹೊಸ ಚುಕ್ಕಿ, ಹತ್ತು ಪಟ್ಟು ಅಂತರ

1801ನೆಯ ಇಸವಿಯ ಜನವರಿ 1ರ ರಾತ್ರಿ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಜುಸೆಪ್ಪೆ ಪಿಯಾಝಿ ಎಂಬವರು ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದರು. ಅವರು ತಿಯಾಟಿನ್ ಸಭೆಗೆ ಸೇರಿದ ಕಥೋಲಿಕ ಗುರುಗಳು. ಆ ರಾತ್ರಿ ಅವರು ಗುರುತಿಸಿದ ಒಂದು ಚುಕ್ಕಿ ಮರುದಿನ ಇದ್ದಲ್ಲಿ ಇರಲಿಲ್ಲ, ತುಸು ಸರಿದಿತ್ತು. ಅದೇ ಸೆರೆಸ್, ಮಾನವನು ಕಂಡ ಮೊದಲ ಕ್ಷುದ್ರಗ್ರಹ. ಮುಂದಿನ ಕೆಲವೇ ವರ್ಷಗಳಲ್ಲಿ ಪಲ್ಲಾಸ್, ಜೂನೊ, ವೆಸ್ಟಾ ಎಂಬ ಇನ್ನೂ ಮೂರು ಕಂಡುಬಂದವು.

ಕಂಡುದಾಯಿತು, ಅವು ಎಷ್ಟು ದೊಡ್ಡವು? ದೂರದರ್ಶಕದಲ್ಲಿಯೂ ಅವು ಸೂಜಿಮೊನೆಯಷ್ಟೇ ಕಾಣುತ್ತಿದ್ದವು. ಅಂದಿನ ಮಹಾನ್ ಖಗೋಳಜ್ಞರಾದ ವಿಲಿಯಂ ಹರ್ಷೆಲ್ ಸೆರೆಸ್‌ನ ವ್ಯಾಸ ಸುಮಾರು 260 ಕಿಲೋಮೀಟರ್ ಎಂದರು. ಜರ್ಮನಿಯ ಷ್ರೋಟರ್ ಸುಮಾರು 2,600 ಕಿಲೋಮೀಟರ್ ಎಂದರು. ಇಬ್ಬರೂ ನುರಿತವರು, ಇಬ್ಬರೂ ನೋಡಿದ್ದು ಅದೇ ಚುಕ್ಕಿಯನ್ನು. ಆದರೂ ಹತ್ತು ಪಟ್ಟು ಅಂತರ! 2015ರಲ್ಲಿ ಡಾನ್ ನೌಕೆಯು ಸೆರೆಸ್‌ನ ಬಳಿಗೇ ಹೋಗಿ ನೋಡಿದಾಗ ತಿಳಿದುಬಂದ ನಿಜವಾದ ವ್ಯಾಸ ಸುಮಾರು 940 ಕಿಲೋಮೀಟರ್.

ಗಾತ್ರವನ್ನು ನೇರವಾಗಿ ಅಳೆಯಲಾಗದಿದ್ದರೂ ಹೊಳಪನ್ನಾದರೂ ಅಳೆಯಬಹುದಲ್ಲವೇ? ಈ ಕಾರ್ಯಕ್ಕೆ ಶಿಸ್ತು ತಂದವರು ನಾರ್ಮನ್ ಪಾಗ್ಸನ್. ಹೊಳಪಿನಲ್ಲಿ ಐದು ದರ್ಜೆಗಳ ವ್ಯತ್ಯಾಸವೆಂದರೆ ಸರಿಯಾಗಿ ನೂರು ಪಟ್ಟು ವ್ಯತ್ಯಾಸ ಎಂಬ ನಿಯಮವನ್ನು ಅವರು 1856ರಲ್ಲಿ ಸೂಚಿಸಿದರು. ಇಂದಿಗೂ ಲೋಕವೆಲ್ಲ ಅನುಸರಿಸುವ ಅಳತೆಗೋಲು ಅದೇ. ಮುಂದೆ ಮದ್ರಾಸ್ ವೀಕ್ಷಣಾಲಯಕ್ಕೆ ಬಂದ ಪಾಗ್ಸನ್, 1861ರ ಏಪ್ರಿಲ್‌ನಲ್ಲಿ ಅಲ್ಲಿಂದಲೇ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದು ಅದಕ್ಕೆ 'ಏಷ್ಯಾ' ಎಂದು ಹೆಸರಿಟ್ಟರು. ಮದ್ರಾಸಿನ ಆ ಪರಂಪರೆಯೇ ಕೊಡೈಕೆನಾಲ್ ಮಾರ್ಗವಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಹರಿದುಬಂದಿದೆ. ಇದೇ ಸಂಸ್ಥೆಯು ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೀಕ್ಷಣಾಲಯದಿಂದ 1988ರಲ್ಲಿ ಆರ್. ರಾಜಮೋಹನ್ ಅವರು ಕಂಡುಹಿಡಿದ ಕ್ಷುದ್ರಗ್ರಹವು ಗಣಿತಜ್ಞ ರಾಮಾನುಜನ್ ಅವರ ಹೆಸರನ್ನು ಹೊತ್ತಿದೆ.

ಹೊಳಪು ನಿಖರವಾಗಿ ತಿಳಿದರೂ ಮೂಲ ತೊಡಕು ಮಾತ್ರ ತೀರಲಿಲ್ಲ. ಹೊಳಪೆಂಬುದು ಎರಡು ಸಂಗತಿಗಳ ಗುಣಲಬ್ಧ: ಒಂದು ಗಾತ್ರ, ಇನ್ನೊಂದು ಬಿದ್ದ ಬೆಳಕಿನಲ್ಲಿ ಹಿಂದಿರುಗಿಸುವ ಪಾಲು. ಈ ಎರಡನೆಯದಕ್ಕೆ ವಿಜ್ಞಾನಿಗಳು 'ಅಲ್ಬೆಡೊ' ಎನ್ನುತ್ತಾರೆ. ನಾವು ಪ್ರತಿಫಲನಾಂಶ ಎನ್ನೋಣ. ನಮ್ಮ ಚಂದ್ರ ಹಿಂದಿರುಗಿಸುವುದು ಸುಮಾರು ಶೇ. 12 ಮಾತ್ರ. ಕವಿಗಳು ಹಾಲಿಗೆ ಹೋಲಿಸುವ ಬೆಳದಿಂಗಳು ಬರುವುದು ಹಳೆಯ ಡಾಂಬರು ರಸ್ತೆಯಂಥ ಕಪ್ಪು ನೆಲದಿಂದ! ಸೆರೆಸ್ ಹಿಂದಿರುಗಿಸುವುದು ಸುಮಾರು ಶೇ. 9, ವೆಸ್ಟಾ ಸುಮಾರು ಶೇ. 40. ಆದ್ದರಿಂದಲೇ ಸೆರೆಸ್‌ಗಿಂತ ಬಹಳ ಚಿಕ್ಕದಾದ ವೆಸ್ಟಾ ಅದಕ್ಕಿಂತ ಹೆಚ್ಚು ಹೊಳೆಯುತ್ತದೆ.

ಒಂದೇ ದೂರದಲ್ಲಿರುವ, ಒಂದೇ ಹೊಳಪಿನ ಎರಡು ಬಂಡೆಗಳನ್ನು ಊಹಿಸಿರಿ. ಒಂದು ಶೇ. 40ರಷ್ಟು ಬೆಳಕನ್ನು ಹಿಂದಿರುಗಿಸುವ 100 ಮೀಟರ್ ಬಂಡೆ. ಇನ್ನೊಂದು ಶೇ. 4ರಷ್ಟನ್ನು ಮಾತ್ರ ಹಿಂದಿರುಗಿಸುವುದಾದರೆ ಅದರ ವ್ಯಾಸ 300 ಮೀಟರ್‌ಗೂ ಹೆಚ್ಚಿರಲೇಬೇಕು. ವ್ಯಾಸ ಮೂರು ಪಟ್ಟಾದರೆ ಘನಗಾತ್ರ ಇಪ್ಪತ್ತೇಳು ಪಟ್ಟಾಗುತ್ತದೆ. ಅಂಥ ಬಂಡೆಯೊಂದು ಭೂಮಿಯ ದಾರಿಗೆ ಅಡ್ಡ ಬಂದಾಗ ಒಂದು ಊರಿಗೆ ಅಪಾಯವೋ ಒಂದು ನಾಡಿಗೇ ಅಪಾಯವೋ ಎಂಬ ಪ್ರಶ್ನೆಗೆ ಹೊಳಪೊಂದೇ ಉತ್ತರ ಕೊಡಲಾರದು. ಆ ಬೆಳಕಿಗೆ ಎರಡನೆಯ ಪ್ರಶ್ನೆಯೊಂದನ್ನು ಕೇಳಬೇಕು.

ಕಿಟಕಿಯ ಗಾಜು ಕಲಿಸಿದ ಪಾಠ

ಆ ಎರಡನೆಯ ಪ್ರಶ್ನೆ ಹುಟ್ಟಿದ್ದು ಆಕಾಶವನ್ನು ನೋಡುವಾಗಲ್ಲ, ಎದುರುಮನೆಯ ಕಿಟಕಿಯನ್ನು ನೋಡುವಾಗ. 1808ರಲ್ಲಿ ಪ್ಯಾರಿಸ್ ನಗರದಲ್ಲಿ ಎತಿಯೆನ್ ಮಾಲಸ್ ಎಂಬ ಇಂಜಿನಿಯರ್, ಲಕ್ಸೆಂಬರ್ಗ್ ಅರಮನೆಯ ಗಾಜುಗಳಲ್ಲಿ ಪ್ರತಿಫಲಿಸುತ್ತಿದ್ದ ಸಂಜೆಯ ಸೂರ್ಯನನ್ನು ಒಂದು ಸ್ಫಟಿಕದ ಮೂಲಕ ನೋಡಿದರು. ಸ್ಫಟಿಕವನ್ನು ತಿರುಗಿಸಿದಂತೆ ಆ ಪ್ರತಿಬಿಂಬವು ಮಂಕಾಗುವುದೂ ಮತ್ತೆ ಬೆಳಗುವುದೂ ಆಗುತ್ತಿತ್ತು. ನೇರವಾಗಿ ಬಂದ ಬಿಸಿಲು ಹಾಗೆ ಮಾಡುವುದಿಲ್ಲ. ಹಾಗಾದರೆ ಗಾಜಿಗೆ ತಗುಲಿ ಬಂದ ಬೆಳಕಿನಲ್ಲಿ ಏನೋ ಒಂದು ಗುರುತು ಉಳಿದಿದೆ ಎಂದಾಯಿತು.

ಅದೇನು ಗುರುತು? ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿರಿ. ಮೇಲೆ ಕೆಳಗೆ ಅಲುಗಿಸಬಹುದು, ಎಡಕ್ಕೆ ಬಲಕ್ಕೂ ಅಲುಗಿಸಬಹುದು. ಈಗ ಆ ಹಗ್ಗವು ಕಿಟಕಿಯ ನಿಂತ ಸರಳುಗಳ ನಡುವೆ ಹಾದುಹೋಗಿದೆ ಎನ್ನೋಣ. ಮೇಲೆ ಕೆಳಗಿನ ಅಲೆ ಸರಳುಗಳನ್ನು ದಾಟಿ ಹೋಗುತ್ತದೆ. ಅಡ್ಡಡ್ಡ ಅಲೆ ಅಲ್ಲೇ ತಡೆದು ನಿಲ್ಲುತ್ತದೆ. ಸೂರ್ಯನ ಬೆಳಕಿನಲ್ಲಿ ಎಲ್ಲ ದಿಕ್ಕಿನ ಕಂಪನಗಳೂ ಸಮನಾಗಿ ಬೆರೆತಿರುತ್ತವೆ. ಅದು ನೀರಿಗೋ ಗಾಜಿಗೋ ಕಲ್ಲಿಗೋ ತಗುಲಿ ಪುಟಿದಾಗ ಒಂದು ದಿಕ್ಕಿನ ಕಂಪನ ಮೇಲುಗೈ ಪಡೆಯುತ್ತದೆ. ಇದಕ್ಕೆ ಬೆಳಕಿನ ಧ್ರುವೀಕರಣ ಎಂದು ಹೆಸರು. ನಮ್ಮ ಕಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಪೋಲರಾಯ್ಡ್ ಕನ್ನಡಕವೊಂದು ಮನೆಯಲ್ಲಿದ್ದರೆ, ಮಕ್ಕಳನ್ನು ಕರೆದುಕೊಂಡು ಕೆರೆಯ ದಂಡೆಗೆ ಹೋಗಿ ಅದನ್ನು ಕಣ್ಣ ಮುಂದೆ ನಿಧಾನವಾಗಿ ತಿರುಗಿಸಿ ನೋಡಿರಿ. ನೀರಿನ ಮೇಲಿನ ರಾಚುವ ಹೊಳಪು ಒಂದು ಕೋನದಲ್ಲಿ ಅಡಗಿ, ಒಳಗಿನ ನೀರು ಕಾಣಿಸುತ್ತದೆ. ಸೂರ್ಯನನ್ನು ಮಾತ್ರ ಯಾವ ಕನ್ನಡಕದಿಂದಲೂ ನೋಡಬಾರದು.

ಮಾಲಸ್‌ರ ಬಳಿಕ ಅವರ ದೇಶದವರೇ ಆದ ಅರಾಗೊ 1811ರಲ್ಲಿ ಚಂದ್ರನ ಬೆಳಕಿನಲ್ಲಿಯೂ ಇಂಥ ಗುರುತಿರುವುದನ್ನು ಕಂಡರು. 1905ರಲ್ಲಿ ರಷ್ಯಾದ ಉಮೊವ್ ಒಂದು ಉಪಯುಕ್ತ ನಿಯಮವನ್ನು ತಿಳಿಸಿದರು: ಮೇಲ್ಮೈ ಕಪ್ಪಾಗಿದ್ದಷ್ಟೂ ಅದರಿಂದ ಬಂದ ಬೆಳಕಿನ ಧ್ರುವೀಕರಣ ಹೆಚ್ಚು. ಕಾರಣ ಸರಳವಾಗಿದೆ. ಬಿಳಿಯ ಪುಡಿಯೊಳಗೆ ಹೊಕ್ಕ ಬೆಳಕು ಕಣದಿಂದ ಕಣಕ್ಕೆ ಹಲವು ಬಾರಿ ಪುಟಿದು ಹೊರಬರುವಷ್ಟರಲ್ಲಿ ಅದರ ದಿಕ್ಕಿನ ಗುರುತು ಅಳಿಸಿಹೋಗಿರುತ್ತದೆ. ಕಪ್ಪು ಪುಡಿಯೊಳಗೆ ಹೊಕ್ಕ ಬೆಳಕು ಹೊರಗೇ ಬರುವುದಿಲ್ಲ. ಒಂದೇ ಬಾರಿ ತಗುಲಿ ಪುಟಿದುದಷ್ಟೇ ಹಿಂದಿರುಗುತ್ತದೆ, ಗುರುತು ಅಚ್ಚಳಿಯದೆ ಉಳಿದಿರುತ್ತದೆ. ಹತ್ತಿಯ ಬಿಳುಪನ್ನೂ ಎರೆಮಣ್ಣಿನ ಕಪ್ಪನ್ನೂ ಬೇರ್ಪಡಿಸಿ ಹೇಳಬಲ್ಲ ಸಾಕ್ಷಿ ಇಲ್ಲಿತ್ತು.

ಈ ಗುರುತನ್ನು ಗ್ರಹಗಳ ಬೆಳಕಿನಲ್ಲಿ ಅಳೆಯುವ ಕೆಲಸಕ್ಕೆ ಗಟ್ಟಿ ಬುನಾದಿ ಹಾಕಿದವರು ಫ್ರಾನ್ಸ್‌ನ ಬರ್ನಾರ್ ಲಿಯೊ. ಸಾವಿರದಲ್ಲಿ ಒಂದು ಪಾಲಿನಷ್ಟು ಧ್ರುವೀಕರಣವನ್ನೂ ಗುರುತಿಸಬಲ್ಲ ಉಪಕರಣವನ್ನು ರಚಿಸಿ, 1920ರ ದಶಕದಲ್ಲಿ ವರ್ಷಗಟ್ಟಲೆ ಚಂದ್ರನನ್ನೂ ಗ್ರಹಗಳನ್ನೂ ಅವರು ಅಳೆದರು. ಪ್ರಯೋಗಶಾಲೆಯಲ್ಲಿ ಕಲ್ಲು, ಬೂದಿ, ನೀರಿನ ಹನಿಗಳ ಮೇಲೆ ಬೆಳಕು ಬಿಟ್ಟು ಹೋಲಿಸಿ ನೋಡಿದರು. 1929ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು.

ಕ್ಷುದ್ರಗ್ರಹಗಳ ಮೇಲೆ ಇದೇ ವಿದ್ಯೆಯನ್ನು ಪ್ರಯೋಗಿಸಿದಾಗ ಹಳೆಯ ತೊಡಕು ಬಿಡಿಸಿಕೊಂಡಿತು. ದಿನಗಳು ಕಳೆದಂತೆ ಸೂರ್ಯ, ಕ್ಷುದ್ರಗ್ರಹ ಮತ್ತು ಭೂಮಿಯ ನಡುವಣ ಕೋನ ಬದಲಾಗುತ್ತದೆ. ಅದರೊಡನೆ ಧ್ರುವೀಕರಣವೂ ಏರುತ್ತದೆ. ಆ ಏರಿಕೆಯ ಕಡಿದನ್ನು ಅಳೆದರೆ ಪ್ರತಿಫಲನಾಂಶ ದೊರೆಯುತ್ತದೆ, ಅದರಿಂದ ಗಾತ್ರವೂ ದೊರೆಯುತ್ತದೆ. 1895ರಲ್ಲಿ ಬರ್ನಾರ್ಡ್ ಎಂಬ ಅಮೆರಿಕದ ಖಗೋಳಜ್ಞರು ವೆಸ್ಟಾದ ವ್ಯಾಸ ಸುಮಾರು 390 ಕಿಲೋಮೀಟರ್ ಎಂದಿದ್ದರು. 1970ರ ದಶಕದ ಆರಂಭದಲ್ಲಿ ಧ್ರುವೀಕರಣದ ಮಾರ್ಗವೂ ಶಾಖಕಿರಣಗಳ ಮಾರ್ಗವೂ, ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳಂತೆ, ಅದು 500 ಕಿಲೋಮೀಟರ್‌ಗೂ ಹೆಚ್ಚೆಂದು ಹೇಳಿದವು. 2011ರಲ್ಲಿ ನೌಕೆಯೇ ಅಲ್ಲಿಗೆ ತಲುಪಿದಾಗ ಸಿಕ್ಕ ಉತ್ತರ ಸುಮಾರು 525.

ಬೆಳ್ಳಿಯ ಮೋಡದೊಳಗೆ

ನಮ್ಮ ಹಳ್ಳಿಗಳಲ್ಲಿ ಹಿರಿಯರು ನಸುಕಿನ ಹೊತ್ತನ್ನು ತಿಳಿಯುತ್ತಿದ್ದುದು ಬೆಳ್ಳಿ ಮೂಡಿದುದನ್ನು ನೋಡಿ. ಆ ಬೆಳ್ಳಿಯೇ ಶುಕ್ರಗ್ರಹ. ಅಷ್ಟೊಂದು ಹೊಳೆಯುವುದು ಏಕೆಂದರೆ, ಅದನ್ನು ಸುತ್ತುವರಿದ ಮೋಡಗಳು ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಹಿಂದಿರುಗಿಸುತ್ತವೆ. ಆ ಮೋಡಗಳ ಒಳಗೇನಿದೆ ಎಂದು ಯಾವ ದೂರದರ್ಶಕಕ್ಕೂ ಕಾಣಿಸಲಿಲ್ಲ. ಕಾಣದಿದ್ದೆಡೆ ಕಲ್ಪನೆ ಬೆಳೆಯುತ್ತದೆ. ಮೋಡವೆಂದರೆ ನೀರು, ನೀರೆಂದರೆ ಹಸಿರು ಎಂದು ಜನ ನಂಬಿದರು. ನೊಬೆಲ್ ಪುರಸ್ಕೃತ ವಿಜ್ಞಾನಿ ಅರೇನಿಯಸ್ ಅವರೇ 1918ರ ತಮ್ಮ ಪುಸ್ತಕದಲ್ಲಿ ಶುಕ್ರನನ್ನು ನೀರು ತೊಟ್ಟಿಕ್ಕುವ ಜವುಗುಕಾಡಿನ ಲೋಕವೆಂದು ಚಿತ್ರಿಸಿದರು. ಗಾತ್ರದಲ್ಲಿ ಭೂಮಿಗೆ ಸರಿಸಮಾನವಾದ ಶುಕ್ರನು ನಮ್ಮ ಲೋಕದ ಅವಳಿ ಸೋದರಿ ಎಂಬ ಆಸೆ ಬಹುಕಾಲ ಉಳಿಯಿತು.

ಲಿಯೊ ಅಳೆದಿಟ್ಟಿದ್ದ ಶುಕ್ರನ ಧ್ರುವೀಕರಣದ ರೇಖೆಯಲ್ಲಿ ಉತ್ತರ ಅಡಗಿತ್ತು. ಆದರೆ ಅದನ್ನು ಓದಲು ಬೇಕಾದ ಲೆಕ್ಕಾಚಾರ ಕೈಯಿಂದ ಮಾಡಲಾಗದಷ್ಟು ದೊಡ್ಡದು. ಕಂಪ್ಯೂಟರುಗಳು ಬಂದ ಬಳಿಕ, 1974ರಲ್ಲಿ, ಜೇಮ್ಸ್ ಹ್ಯಾನ್ಸನ್ ಮತ್ತು ನೆದರ್‌ಲ್ಯಾಂಡ್ಸ್‌ನ ಹೋವೆನಿಯರ್ ಎಂಬವರು ಲಿಯೊ ಅವರ ಅಳತೆಗಳನ್ನೂ ನಂತರದವರ ಅಳತೆಗಳನ್ನೂ ಮುಂದಿಟ್ಟುಕೊಂಡು ಆ ಲೆಕ್ಕ ಮುಗಿಸಿದರು. ಅವರಿಗೆ ದಾರಿ ತೋರಿದ್ದು ಒಂದು ಕಾಮನಬಿಲ್ಲು. ಮಳೆಗಾಲದಲ್ಲಿ ನಾವು ಕಾಣುವ ಬಿಲ್ಲು ದುಂಡನೆಯ ನೀರಹನಿಗಳಿಂದಾದದ್ದು. ಶುಕ್ರನ ಧ್ರುವೀಕರಣದ ರೇಖೆಯಲ್ಲಿಯೂ ಅಂಥ ಬಿಲ್ಲಿನ ಗುರುತಿತ್ತು. ಆದ್ದರಿಂದ ಅಲ್ಲಿರುವುದು ದುಂಡನೆಯ ದ್ರವದ ಹನಿಗಳೇ ಎಂದು ಖಚಿತವಾಯಿತು. ಆದರೆ ಬಿಲ್ಲು ಇರಬೇಕಾದ ಸ್ಥಾನದಲ್ಲಿರಲಿಲ್ಲ. ಬೆಳಕನ್ನು ಬಾಗಿಸುವ ಶಕ್ತಿ ನೀರಿಗೆ 1.33, ಶುಕ್ರನ ಹನಿಗಳಿಗೆ ಅದು 1.44. ಹನಿಗಳ ತ್ರಿಜ್ಯ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಆ ಹನಿಗಳು ನೀರಲ್ಲ, ಗಂಧಕಾಮ್ಲ!

ಕೋಟ್ಯಂತರ ಕಿಲೋಮೀಟರ್ ದೂರದ ಹನಿಯೊಂದರ ಅಳತೆಯೂ ಗುಣವೂ ಅಲ್ಲಿಗೆ ಹೋಗದೆ, ಮುಟ್ಟದೆ, ಮರಳಿ ಬಂದ ಬೆಳಕಿನಿಂದಲೇ ತಿಳಿದುಬಂದವು. ಬೆಳ್ಳಿಯ ಆ ಹೊಳಪು ಆಮ್ಲದ ಹೊಳಪಾಗಿತ್ತು. ಅದರ ಕೆಳಗಿನ ನೆಲದಲ್ಲಿ ಇಂಗಾಲದ ಡೈಆಕ್ಸೈಡ್ ಕವಿದು, ಸೀಸವೂ ಕರಗುವ 460 ಡಿಗ್ರಿ ಸೆಲ್ಸಿಯಸ್ ತಾಪವಿದೆ. ಶುಕ್ರನನ್ನು ಓದಿದ ಅದೇ ಹ್ಯಾನ್ಸನ್, ಮುಂದೆ ತಮ್ಮ ಗಮನವನ್ನು ಭೂಮಿಯ ವಾಯುಮಂಡಲದತ್ತ ತಿರುಗಿಸಿ, 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯೇರುತ್ತಿದೆ ಎಂದು ಎಚ್ಚರಿಸಿದರು. ಸೋದರಿಯ ಮನೆಯಲ್ಲಿ ನಡೆದುದನ್ನು ಕಂಡವರು ತಮ್ಮ ಮನೆಯ ಬಗ್ಗೆ ಸುಮ್ಮನಿರಲಿಲ್ಲ. ಲಿಯೊ ಮಾತ್ರ ಇದಾವುದನ್ನೂ ಕಾಣಲಿಲ್ಲ. 1952ರಲ್ಲಿ, ಸೂಡಾನಿನಲ್ಲಿ ಸೂರ್ಯಗ್ರಹಣ ನೋಡಿ ಹಿಂದಿರುಗುವ ದಾರಿಯಲ್ಲಿ ಅವರು ತೀರಿಕೊಂಡಿದ್ದರು.

ಬೆಂಗಳೂರಿನ ಮೂರು ಫಲಕಗಳು

ಈಗ ನಮ್ಮ ನಾಡಿಗೆ ಬರೋಣ. 1921ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಹಿಂದಿರುಗುತ್ತಿದ್ದ ಸಿ. ವಿ. ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಕಂಡು ಬೆರಗಾದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂಬುದು ಅಂದಿನ ಹಿರಿಯ ವಿಜ್ಞಾನಿಗಳ ಮಾತಾಗಿತ್ತು. ರಾಮನ್ ತಮ್ಮಲ್ಲಿದ್ದ ಪುಟ್ಟ ನಿಕಲ್ ಪಟ್ಟಕದ ಮೂಲಕ ಕಡಲನ್ನು ನೋಡಿದರು. ಅದನ್ನು ತಕ್ಕ ಕೋನಕ್ಕೆ ತಿರುಗಿಸಿದಾಗ ಪ್ರತಿಫಲಿತ ಬೆಳಕು ಅಡಗಿತು, ನೀಲಿ ಮಾತ್ರ ಉಳಿಯಿತು. ಹಾಗಾದರೆ ನೀಲಿ ನೀರಿನದೇ. ಈ ವಿಚಾರಣೆಯೇ ಮುಂದೆ 1928ರ ರಾಮನ್ ಪರಿಣಾಮಕ್ಕೂ 1930ರ ನೊಬೆಲ್ ಪುರಸ್ಕಾರಕ್ಕೂ ಕೊಂಡೊಯ್ದಿತು.

ರಾಮನ್ ಅವರು 1933ರಲ್ಲಿ ಬೆಂಗಳೂರಿಗೆ ಬಂದರು; 1948ರಲ್ಲಿ ಅಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಸೋದರಿಯ ಮಗ ಎಸ್. ಪಂಚರತ್ನಂ, 1934ರಲ್ಲಿ ಹುಟ್ಟಿದವರು, ಇಪ್ಪತ್ತರ ಹರೆಯದಲ್ಲಿ ಈ ಸಂಸ್ಥೆಯಲ್ಲಿ ಧ್ರುವೀಕೃತ ಬೆಳಕು ಸ್ಫಟಿಕಗಳಲ್ಲಿ ವರ್ತಿಸುವ ಬಗೆಯನ್ನು ಅಧ್ಯಯನ ಮಾಡತೊಡಗಿದರು.

ಅವರು ಕೈಗೆತ್ತಿಕೊಂಡ ಒಂದು ಸಮಸ್ಯೆಯನ್ನು ತಿಳಿದುಕೊಳ್ಳೋಣ. ನಕ್ಷತ್ರದ ಅಥವಾ ಗ್ರಹದ ಧ್ರುವೀಕರಣವನ್ನು ಅಳೆಯಲು ಕಂಪನದ ದಿಕ್ಕನ್ನು ಹಂತಹಂತವಾಗಿ ತಿರುಗಿಸಿ ನೋಡಬೇಕು. ಟನ್ನುಗಟ್ಟಲೆ ತೂಗುವ ದೂರದರ್ಶಕವನ್ನು ತಿರುಗಿಸಲಾದೀತೇ? ಬೆಳಕಿನ ದಾರಿಯಲ್ಲಿ ಸ್ಫಟಿಕದ ತೆಳು ಫಲಕವೊಂದನ್ನಿಟ್ಟು ಅದನ್ನು ತಿರುಗಿಸಿದರೆ ಸಾಕು, ಕಂಪನದ ದಿಕ್ಕು ತಿರುಗುತ್ತದೆ. ಆದರೆ ಇಂಥ ಫಲಕ ಒಂದು ಬಣ್ಣಕ್ಕೆ ಸರಿಹೊಂದಿದರೆ ಇನ್ನೊಂದು ಬಣ್ಣಕ್ಕೆ ತಪ್ಪು ಮಾಡುತ್ತದೆ. ಹಸುರಿಗೆ ಸರಿಯಾದದ್ದು ಕೆಂಪಿಗೂ ನೀಲಿಗೂ ಸರಿಯಾಗದು. ಕ್ಷುದ್ರಗ್ರಹದಂಥ ಮಸುಕು ಕಾಯದಿಂದ ಬರುವ ಬೆಳಕೇ ಸ್ವಲ್ಪ. ಅದರಲ್ಲಿ ಒಂದು ಬಣ್ಣವನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಚೆಲ್ಲಿದರೆ ಅಳೆಯಲು ಏನುಳಿಯುತ್ತದೆ?

1955ರಲ್ಲಿ, ಇಪ್ಪತ್ತೊಂದರ ಆಸುಪಾಸಿನ ಪಂಚರತ್ನಂ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಉತ್ತರವನ್ನು ಪ್ರಕಟಿಸಿದರು. ಒಂದೇ ಪದಾರ್ಥದ ಮೂರು ಫಲಕಗಳನ್ನು ಲೆಕ್ಕ ಹಾಕಿದ ಕೋನಗಳಲ್ಲಿ ಒಂದರ ಮೇಲೊಂದು ಜೋಡಿಸಿದರೆ, ಒಂದು ಫಲಕದ ತಪ್ಪನ್ನು ಉಳಿದವು ತಿದ್ದುತ್ತವೆ. ಆಗ ಬಣ್ಣಗಳ ವಿಶಾಲ ಹರವಿನುದ್ದಕ್ಕೂ ಅಳತೆ ನಿಜವಾಗಿ ಉಳಿಯುತ್ತದೆ. ಯಾವ ಒಂದು ಫಲಕವೂ ದೋಷರಹಿತವಲ್ಲ, ಆದರೆ ಮೂರೂ ಕೂಡಿ ಬಹುಮಟ್ಟಿಗೆ ದೋಷರಹಿತ. ಇಂದು ಜಗತ್ತಿನ ಅನೇಕ ವೀಕ್ಷಣಾಲಯಗಳಲ್ಲಿ ಧ್ರುವೀಕರಣವನ್ನು ಅಳೆಯುವ ಉಪಕರಣಗಳು ಈ ಜೋಡಣೆಯನ್ನು ಅಥವಾ ಇದರಿಂದ ಬೆಳೆದ ರೂಪಗಳನ್ನು ಬಳಸುತ್ತವೆ. ಅಲ್ಲಿನ ಕೆಲಸಗಾರರು ಅದನ್ನು 'ಪಂಚರತ್ನಂ ಫಲಕ' ಎಂದೇ ಕರೆಯುವುದುಂಟು.

ಮರುವರ್ಷ, 1956ರಲ್ಲಿ, ಬೆಳಕಿನ ಧ್ರುವೀಕರಣವನ್ನು ಒಂದು ಸುತ್ತು ತಿರುಗಿಸಿ ಮೊದಲಿನ ಸ್ಥಿತಿಗೇ ತಂದರೂ ಅದರಲ್ಲಿ ಸುತ್ತಿ ಬಂದ ದಾರಿಯ ಗುರುತೊಂದು ಉಳಿಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಲೋಕ ಅದನ್ನು ಗಮನಿಸಲಿಲ್ಲ. 1961ರಿಂದ ಕೆಲವು ವರ್ಷ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಬಳಿಕ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಇಂಥದೇ ತತ್ತ್ವವನ್ನು ಬೇರೆ ಕ್ಷೇತ್ರದಲ್ಲಿ ಕಂಡು ಪ್ರಖ್ಯಾತರಾದಾಗ, ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು 1986ರಲ್ಲಿ ಪಂಚರತ್ನಂ ಅವರ ಹಳೆಯ ಲೇಖನದತ್ತ ಬೆರಳು ತೋರಿಸಿದರು. ಬೆರಿ ಅವರು ಅದನ್ನು ತಾವೇ ಓದಿ, ಮರುವರ್ಷ ತಮ್ಮ ಬರಹದಲ್ಲಿ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದರು. ಆಗ ಪಂಚರತ್ನಂ ಗತಿಸಿ ಹದಿನೆಂಟು ವರ್ಷಗಳಾಗಿದ್ದವು.

ದೂರದ ಮೋಡ, ಹತ್ತಿರದ ಮೋಡ

ಧ್ರುವೀಕರಣವನ್ನು ಅಳೆಯುವವರ ಸಾಲಿನಲ್ಲಿ ಯೇಸುಸಭೆಯ ಫಾದರ್ ಜಾರ್ಜ್ ಕೊಯ್ನ್ (1933–2020) ಅವರನ್ನೂ ನೆನೆಯಬೇಕು. ಚಂದ್ರನ ನೆಲದಿಂದ ಪ್ರತಿಫಲಿಸಿದ ಬೆಳಕನ್ನು ಬಣ್ಣ ಬಣ್ಣವಾಗಿ ಅಳೆದು ಅವರು 1962ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಅಮೆರಿಕದ ಅರಿಝೋನಾದಲ್ಲಿ ಟಾಮ್ ಗೆಹ್ರೆಲ್ಸ್ ಅವರೊಡನೆ ಧ್ರುವೀಕರಣದ ಅಳತೆಗಳಲ್ಲಿ ತೊಡಗಿದರು. 1978ರಿಂದ 2006ರವರೆಗೆ ಅವರು ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದರು. ಪಿಯಾಝಿ ಅವರ ಕಾಲದಿಂದ ಇಂದಿನವರೆಗೆ ಗುರುಗಳು ಈ ಕೆಲಸದಲ್ಲಿ ಬೇರೆಲ್ಲ ವಿಜ್ಞಾನಿಗಳಂತೆಯೇ ಅಳೆದು, ತೂಗಿ, ಇತರರ ಪರೀಕ್ಷೆಗೆ ಒಡ್ಡಿಯೇ ಮಾತನಾಡಿದ್ದಾರೆ.

ಬೆಂಗಳೂರಿನಲ್ಲಿಯೂ ಈ ಪರಂಪರೆ ಮುಂದುವರಿದಿದೆ. ಗ್ರಹಕ್ಕಿಂತ ದೊಡ್ಡದಾದ, ಆದರೆ ನಕ್ಷತ್ರದಂತೆ ಉರಿಯಲಾರದ ಕಾಯಗಳುಂಟು. ಅವುಗಳಿಗೆ ಕಂದುಕುಬ್ಜಗಳು ಎಂದು ಹೆಸರು. ಅವುಗಳ ಮೇಲೆ ಧೂಳಿನ ಮೋಡಗಳಿದ್ದರೆ ಅವುಗಳ ಬೆಳಕು ಧ್ರುವೀಕೃತವಾಗಿರಬೇಕೆಂದು ಭಾರತೀಯ ಖಭೌತ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕೃಷನ್ 2001ರಲ್ಲಿ ಲೆಕ್ಕ ಹಾಕಿ ತಿಳಿಸಿದರು. ಮರುವರ್ಷ ಚಿಲಿಯ ಮಹಾ ದೂರದರ್ಶಕದಿಂದ ನೋಡಿದ ಫ್ರಾನ್ಸ್‌ನ ವಿಜ್ಞಾನಿಗಳು ಅಂಥ ಧ್ರುವೀಕರಣವನ್ನು ಕಂಡರು.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. 2023ರ ಜುಲೈ 14ರಂದು ಚಂದ್ರಯಾನ-3 ಹೊರಟಿತು, ಆಗಸ್ಟ್ 23ರಂದು ಅದರ ಲ್ಯಾಂಡರ್ ಚಂದ್ರನ ಮೇಲಿಳಿಯಿತು. ಆ ಸಂಜೆಯನ್ನು ನಾವೆಲ್ಲ ಟಿ.ವಿ.ಯ ಮುಂದೆ ಕಳೆದೆವು. ಆದರೆ ಲ್ಯಾಂಡರನ್ನು ಹೊತ್ತೊಯ್ದು ಮೇಲೆಯೇ ಉಳಿದ ವಾಹಕ ಘಟಕದಲ್ಲಿ 'ಶೇಪ್' ಎಂಬ ಪುಟ್ಟ ಉಪಕರಣವೊಂದಿತ್ತು. ಅದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದುದು. ಕೇಂದ್ರಕ್ಕೆ ಹೆಸರಾದ ರಾವ್ ಅವರು ಉಡುಪಿಯ ಬಳಿಯ ಅದಮಾರಿನವರು. ಶೇಪ್ ನೋಡಬೇಕಾದುದು ಚಂದ್ರನನ್ನಲ್ಲ, ಭೂಮಿಯನ್ನು. ಚಂದ್ರನಷ್ಟು ದೂರದಿಂದ ನಮ್ಮ ಭೂಮಿಯು ಹಿಂದಿರುಗಿಸುವ ಬೆಳಕನ್ನು, ಅದರ ವರ್ಣಪಟಲವನ್ನೂ ಧ್ರುವೀಕರಣವನ್ನೂ, ಅದು ಅಳೆಯಬೇಕಿತ್ತು.

ಏತಕ್ಕೆ? ಬೇರೆ ನಕ್ಷತ್ರಗಳ ಸುತ್ತ ಸುತ್ತುವ ಸಾವಿರಾರು ಗ್ರಹಗಳು ಈಗ ತಿಳಿದಿವೆ. ಅವುಗಳಲ್ಲಿ ಜೀವಿಗಳಿಗೆ ತಕ್ಕ ನೆಲೆ ಇದೆಯೇ ಎಂದು ತಿಳಿಯಲು ಅವುಗಳಿಂದ ಮರಳಿದ ಬೆಳಕನ್ನೇ ವಿಚಾರಿಸಬೇಕು. ನೀರಿನ ಮೋಡ, ಕಡಲು, ಹಸಿರು ಇರುವ ಒಂದು ಗ್ರಹ ದೂರದಿಂದ ಹೇಗೆ ಕಾಣುತ್ತದೆಂದು ಮೊದಲು ತಿಳಿದಿದ್ದರೆ ಹೋಲಿಸಿ ನೋಡಬಹುದು. ಅಂಥ ಗ್ರಹ ನಮಗೆ ತಿಳಿದಿರುವುದು ಒಂದೇ, ನಾವು ನಿಂತಿರುವ ಈ ನೆಲ. ಶುಕ್ರನ ವಿಷಯದಲ್ಲಿ ಆಸೆಯೇ ಅಳತೆಗಿಂತ ಮೊದಲು ಮಾತನಾಡಿತ್ತು. ಮತ್ತೆ ಹಾಗಾಗದಿರಲು ಈ ಸಿದ್ಧತೆ.

ಸಂಶಯವನ್ನೂ ಹೇಳುವ ಅಳತೆ

ಕೊನೆಯದಾಗಿ ಒಂದು ಬಂಡೆಯ ಕಥೆ. 2004ರಲ್ಲಿ ಕಂಡುಬಂದ ಅಪೋಫಿಸ್ ಎಂಬ ಕ್ಷುದ್ರಗ್ರಹವು 2029ರ ಏಪ್ರಿಲ್ 13ರಂದು ಭೂಮಿಯನ್ನು ಅಪ್ಪಳಿಸುವ ಸಾಧ್ಯತೆ ಶೇ. 2.7 ಎಂದು ಆ ವರ್ಷದ ಡಿಸೆಂಬರಿನಲ್ಲಿ ಲೆಕ್ಕ ಬಂದಾಗ ಲೋಕವೇ ಬೆಚ್ಚಿತು. ಇನ್ನಷ್ಟು ಅಳತೆಗಳು ಕೂಡಿದಂತೆ ಆ ವರ್ಷದ ಭಯ ಬಹುಬೇಗ ನೀಗಿತು. ಆದರೆ ಬಂಡೆ ಎಷ್ಟು ದೊಡ್ಡದು? ಇಟಲಿಯ ಮಾರ್ಕೊ ದೆಲ್ಬೊ ಮತ್ತು ಸಂಗಡಿಗರು ಅದರ ಬೆಳಕಿನ ಧ್ರುವೀಕರಣವನ್ನು ಅಳೆದು, ಅದು ಶೇ. 33ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆಂದೂ ಅದರ ವ್ಯಾಸ 270 ಮೀಟರ್ ಎಂದೂ 2007ರಲ್ಲಿ ಪ್ರಕಟಿಸಿದರು. ಜೊತೆಗೆ, ಈ ಅಂಕಿಯಲ್ಲಿ 60 ಮೀಟರಿನಷ್ಟು ಆಚೀಚೆ ಇರಬಹುದು ಎಂದೂ ಬರೆದರು. ಮುಂದೆ ರೇಡಾರ್ ಅಳತೆಗಳು ಸುಮಾರು 340 ಮೀಟರ್ ಎಂದವು. 2021ರ ಅಳತೆಗಳ ಬಳಿಕ ಕನಿಷ್ಠ ನೂರು ವರ್ಷ ಅದರಿಂದ ಭೂಮಿಗೆ ಅಪಾಯವಿಲ್ಲವೆಂದು ನಿರ್ಣಯವಾಗಿದೆ. 2029ರಲ್ಲಿ ಅದು ನಮ್ಮ ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ.

ಪ್ರಿಯ ವಾಚಕರೇ, ಆ 60 ಮೀಟರಿನ ಮಾತನ್ನು ಗಮನಿಸಿರಿ. ಅಳೆದವರು ತಮಗೆ ತಿಳಿದುದರ ಜೊತೆಗೆ ತಮ್ಮ ಸಂಶಯದ ಅಳತೆಯನ್ನೂ ಬರೆದಿಟ್ಟರು. ಹರ್ಷೆಲ್ ಮತ್ತು ಷ್ರೋಟರ್ ಹತ್ತು ಪಟ್ಟು ಭಿನ್ನವಾದ ಉತ್ತರ ಕೊಟ್ಟ ದಿನಗಳಿಂದ ಇಲ್ಲಿಗೆ ಬರಲು ಇನ್ನೂರು ವರ್ಷ ಬೇಕಾಯಿತು. ಆ ದಾರಿಯಲ್ಲಿ ದುಡಿದವರಲ್ಲಿ ಹಲವರು ತಮ್ಮ ಅಳತೆ ಯಾವುದಕ್ಕೆ ಉಪಯೋಗವಾದೀತೆಂದು ತಿಳಿಯದೆಯೇ ಕಣ್ಮುಚ್ಚಿದರು. ಲಿಯೊ ಬರೆದಿಟ್ಟ ಅಂಕಿಗಳನ್ನು ನಲವತ್ತೈದು ವರ್ಷಗಳ ನಂತರ ಇನ್ನೊಬ್ಬರು ಓದಿದರು. ಪಂಚರತ್ನಂ ಜೋಡಿಸಿದ ಮೂರು ಫಲಕಗಳ ಮೂಲಕ ಅವರು ಕಾಣದ ಎಷ್ಟೋ ಲೋಕಗಳನ್ನು ಇಂದಿನವರು ನೋಡುತ್ತಿದ್ದಾರೆ. ಮೊದಲ ನೋಟದ ಹೊಳಪಿಗೆ ಮಾರುಹೋಗದೆ ಎರಡನೆಯ ಪ್ರಶ್ನೆಯನ್ನು ಕೇಳಿದವರು ಅವರು. ಕೇಳಿದ ಬಳಿಕ ದೊರೆತುದನ್ನು ದೊರೆತಂತೆಯೇ, ಹೆಚ್ಚಿಸದೆ ತಗ್ಗಿಸದೆ, ಬರೆದಿಟ್ಟವರು.

ನಿಮ್ಮ ಮನೆಯಲ್ಲಿ ವಿಜ್ಞಾನ ಓದುವ ಮಗನೋ ಮಗಳೋ ಇದ್ದರೆ, ಧಾರವಾಡದ ಯಾವುದೋ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆದುಕೊಳ್ಳುತ್ತ ಬೇಸತ್ತಿದ್ದರೆ, ಪಂಚರತ್ನಂ ಅವರ ಹೆಸರನ್ನು ಅವರಿಗೆ ಹೇಳಿರಿ. ಇಪ್ಪತ್ತೊಂದು ವರ್ಷದ ಯುವಕನೊಬ್ಬ ಬೆಂಗಳೂರಿನಲ್ಲಿ ಕುಳಿತು ಮೂರು ತೆಳು ಫಲಕಗಳ ಕೋನಗಳನ್ನು ಲೆಕ್ಕ ಹಾಕಿದ್ದನ್ನು ತಿಳಿಸಿರಿ. ಮುಂದಿನ ಬಾರಿ ನಸುಕಿನಲ್ಲಿ ಬೆಳ್ಳಿ ಮೂಡಿದಾಗ ಅವರನ್ನು ಎಬ್ಬಿಸಿ ಅಂಗಳಕ್ಕೆ ಕರೆತಂದು, ಆ ಹೊಳಪಿನ ಹಿಂದಿರುವುದು ಏನೆಂದು ಅವರ ಬಾಯಿಂದಲೇ ಕೇಳಿರಿ.